ಕ್ಲೀನಿಂಗ್ ಮಾಡಿಸಿದ ಮೇಲೆ ಹಲ್ಲು ಅಲ್ಲಾಡ್ತಿದೆ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 44 ವರ್ಷ. ಕೇರಳದ ಕಾಸರಗೋಡಿನ ಬದಿಯಡ್ಕ ಹತ್ತಿರದ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್. ಮೂರು ವರ್ಷದಿಂದ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿತ್ತು. ನೋವಿರಲಿಲ್ಲ, ಹಾಗಾಗಿ ಸುಮ್ನಿದ್ದೆ. ಕಳೆದ ವರ್ಷ ಪೇಟೆಯಲ್ಲಿ ಕ್ಲೀನಿಂಗ್ ಮಾಡಿಸಿದೆ. ಅದೇ ವಾರ ಕೆಳಗಿನ ಎದುರಿನ ನಾಲ್ಕು ಹಲ್ಲು ಅಲ್ಲಾಡಲು ಶುರುವಾಯಿತು. ನಡುವೆ ಸಂದು ಬಿತ್ತು, ತಣ್ಣೀರು ತಾಗಿದರೆ ಜುಂ ಅನ್ನುತ್ತದೆ. ‘ಮಿಷನ್ ಹಾಕಿಸಬೇಡ ಅಂತ ಬಡಕೊಂಡೆ’ ಎಂದು ದೊಡ್ಡಮ್ಮ ಈಗಲೂ ಬೈಯುತ್ತಾರೆ. ಎರಡು ವರ್ಷದಿಂದ ಶುಗರ್ ಇದೆ, ಮೂರು ತಿಂಗಳ ಶುಗರ್ (HbA1c) 8.4. ಬಿ.ಪಿ.ಗೂ ದಿನಕ್ಕೊಂದು ಮಾತ್ರೆ. ನನ್ನ ಅಪ್ಪನಿಗೆ ಐವತ್ತಕ್ಕೆಲ್ಲ ಒಂದು ಹಲ್ಲೂ ಇರಲಿಲ್ಲ. ಈಗ ಒಬ್ಬರು ಡಾಕ್ಟರು ಇಡೀ ಬಾಯಿಗೆ ಫ್ಲಾಪ್ ಸರ್ಜರಿ (ವಸಡು ಬಿಡಿಸಿ ಶುಚಿ ಮಾಡುವುದು) ಆಗಬೇಕು ಅನ್ನುತ್ತಾರೆ. ಇನ್ನೊಬ್ಬರು ಎಲ್ಲ ಕಿತ್ತು ಇಂಪ್ಲಾಂಟ್ (ಮೂಳೆಗೆ ಸ್ಕ್ರೂ ಹಾಕಿ ಕೂರಿಸುವ ಹಲ್ಲು) ಹಾಕಿಸಿ ಅನ್ನುತ್ತಾರೆ. ಅವರು ಕೊಟ್ಟ ಸೂಚನೆಯ ಚೀಟಿ ಮಲಯಾಳದಲ್ಲಿದೆ, ನನಗೆ ಪೂರ್ತಿ ಓದಲು ಬರುವುದಿಲ್ಲ. ವಸಡಿನ ರೋಗಾಣು ತಲೆಗೆ ಹೋಗಿ ಮರೆವಿನ ಕಾಯಿಲೆ ಬರುತ್ತದೆ ಅಂತ ತಮ್ಮ ವಾಟ್ಸಾಪ್ ಕಳಿಸಿದ್ದಾನೆ. ಇದು ವಂಶದಲ್ಲಿ ಬರುವ ಕಾಯಿಲೆಯಾ? ಇಷ್ಟು ವರ್ಷ ಸಂಶೋಧನೆ ಮಾಡಿದವರಿಗೆ ಇದಕ್ಕೊಂದು ಮಾತ್ರೆ ಕಂಡುಹಿಡಿಯಲು ಆಗಲಿಲ್ಲವಾ? ನನ್ನ ಮಗಳಿಗೆ 17. ಅವಳಿಗೂ ತೋರಿಸಬೇಕಾ?

ಉತ್ತರ: ಟೀಚರೇ, ನಿಮ್ಮ ಪ್ರಶ್ನೆಗಳು ಆರೇಳಿವೆ, ಭಯ ಮಾತ್ರ ಒಂದೇ. ಸರಿಯಿದ್ದ ಹಲ್ಲನ್ನು ನಾನೇ ಹೋಗಿ ಹಾಳುಮಾಡಿಸಿಕೊಂಡೆನಾ, ಇನ್ನು ಅಪ್ಪನ ಹಾಗೆ ಆಗುವುದೇ ಗತಿಯಾ ಅಂತ. ಅಲ್ವಾ? ಮೊದಲು ಅದನ್ನೇ ನೋಡೋಣ.

ಕ್ಲೀನಿಂಗಿನಿಂದ ನಿಮ್ಮ ಹಲ್ಲು ಸಡಿಲವಾದದ್ದಲ್ಲ. ಅದು ಮೊದಲೇ ಸಡಿಲವಾಗಿತ್ತು, ನಿಮಗೆ ಗೊತ್ತಾಗಿರಲಿಲ್ಲ ಅಷ್ಟೆ.

ಕೆಳಗಿನ ಎದುರು ಹಲ್ಲುಗಳ ಹಿಂದೆ, ನಾಲಗೆಯ ಅಡಿಯಲ್ಲಿ, ಜೊಲ್ಲಿನ ಗ್ರಂಥಿ ಬಾಯಿ ಬಿಡುತ್ತದೆ. ಜೊಲ್ಲಿನಲ್ಲಿ ಸುಣ್ಣದ ಅಂಶ ಇರುತ್ತದೆ. ಹಲ್ಲಿಗೆ ಅಂಟಿದ ಪಾಚಿಯ, ಅಂದರೆ ಬ್ಯಾಕ್ಟೀರಿಯಾಗಳ ಅಂಟು ಪದರದ, ಮೇಲೆ ಅದು ಕೂತು ಕೂತು ಕಲ್ಲಾಗುತ್ತದೆ. ಇಡೀ ಬಾಯಲ್ಲಿ ಕಲ್ಲು ಜಾಸ್ತಿ ಕಟ್ಟುವ ಜಾಗಗಳಲ್ಲಿ ಇದೂ ಒಂದು. ಮೂರು ನಾಲ್ಕು ವರ್ಷ ಬಿಟ್ಟರೆ ನಾಲ್ಕೂ ಹಲ್ಲನ್ನು ಹಿಂದಿನಿಂದ ಸೇರಿಸಿ ಸಿಮೆಂಟು ಮೆತ್ತಿದ ಹಾಗೆ ಒಂದೇ ಪಟ್ಟಿಯಾಗಿಬಿಡುತ್ತದೆ. ಒಳಗೆ ವಸಡಿನ ರೋಗದಿಂದ ಮೂಳೆ ಕರಗುತ್ತಾ ಹೋಗಿರುತ್ತದೆ, ಹೊರಗೆ ಈ ಪಟ್ಟಿ ಹಲ್ಲನ್ನು ಹಿಡಿದಿಟ್ಟಿರುತ್ತದೆ. ಕಲ್ಲು ತೆಗೆದ ದಿನ ಪ್ರತಿ ಹಲ್ಲೂ ತನಗೆ ಉಳಿದಿರುವ ಮೂಳೆಯ ಮೇಲೆ ತಾನೇ ನಿಲ್ಲಬೇಕು. ಆಗ ಅಲ್ಲಾಡುತ್ತದೆ. ಸಂದೂ ಅಷ್ಟೆ. ವಸಡು ಇಳಿದುಹೋದ ಜಾಗವನ್ನು ಇಷ್ಟು ದಿನ ಕಲ್ಲು ತುಂಬಿತ್ತು. ಜೊತೆಗೆ ಊದಿದ್ದ ವಸಡು ಊತ ಇಳಿದು ಸ್ವಲ್ಪ ಕೆಳಗೆ ಹೋಯಿತು. ಬೇರು ಹೊರಗೆ ಬಂತು, ತಣ್ಣೀರು ಜುಂ ಅಂತು. ನಾಲಗೆಗೂ ಹಿಂದೆ ಏನೋ ಖಾಲಿ ಖಾಲಿ ಅನ್ನಿಸಿರಬೇಕು.

ಮಿಷನ್ನಿನ ತುದಿ ಸೆಕೆಂಡಿಗೆ 25,000ಕ್ಕೂ ಹೆಚ್ಚು ಸಲ ಅದುರುತ್ತದೆ, ಅದು ನಿಜ. ಆ ಅದುರಾಟ ಕಲ್ಲನ್ನು ಬಿಡಿಸುವಷ್ಟು ಮಾತ್ರ. ಗಟ್ಟಿ ಮೂಳೆಯಲ್ಲಿ ನಿಂತ ಹಲ್ಲನ್ನು ಅಲ್ಲಾಡಿಸುವ ಶಕ್ತಿ ಅದಕ್ಕಿಲ್ಲ.

ಹಾಗಂತ ನಿಮ್ಮ ದೊಡ್ಡಮ್ಮನನ್ನು ನಾನು ಬೈಯುವುದಿಲ್ಲ. ಅವರು ಕಂಡದ್ದನ್ನು ಹೇಳಿದ್ದಾರೆ. ಕ್ಲೀನಿಂಗ್ ಆಯಿತು, ಹಲ್ಲು ಅಲ್ಲಾಡಿತು. ತಪ್ಪಾದದ್ದು ಮೊದಲೇ ಹೇಳದೆ ಇದ್ದದ್ದರಲ್ಲಿ. ನಾನೂ ಪ್ರಾಕ್ಟೀಸ್ ಶುರು ಮಾಡಿದ ಹೊಸತರಲ್ಲಿ ಇದೇ ತಪ್ಪು ಮಾಡಿದ್ದೇನೆ. ಪೆರ್ಲ ಕಡೆಯ ಒಬ್ಬರು ಅಡಿಕೆ ವ್ಯಾಪಾರಿ ಎಂಟು ದಿನ ಬಿಟ್ಟು ಬಂದು, ಕುರ್ಚಿಯಲ್ಲೂ ಕೂರದೆ, ಬಾಯಿಗೆ ಬಂದ ಹಾಗೆ ಬೈದರು. ಅಂದಿನಿಂದ ಮಿಷನ್ ಕೈಗೆತ್ತಿಕೊಳ್ಳುವ ಮೊದಲು ಕನ್ನಡಿ ಹಿಡಿದು ತೋರಿಸುತ್ತೇನೆ. ‘ಇಲ್ಲಿ ಹಲ್ಲಿಲ್ಲ, ಕಲ್ಲಿದೆ. ತೆಗೆದರೆ ಇಲ್ಲಿ ಸಂದು ಕಾಣುತ್ತದೆ, ತೆಗೆಯಲಾ?’

ಇನ್ನು ರಕ್ತದ ವಿಷಯ. ನಮ್ಮ ಊರಲ್ಲಿ ರೋಗಿಗಳು ಇದನ್ನು ನಾಲ್ಕೈದು ಭಾಷೆಯಲ್ಲಿ ಹೇಳುತ್ತಾರೆ. ತುಳುವಿನಲ್ಲಿ ‘ನೆತ್ತೆರ್ ಬರ್ಪುಂಡು’, ಮಲಯಾಳದಲ್ಲಿ ‘ಚೋರ ವರುನ್ನು’. ಎಲ್ಲ ಭಾಷೆಯಲ್ಲೂ ಮುಂದಿನ ಮಾತು ಮಾತ್ರ ಒಂದೇ: ‘ನೋವೇನಿಲ್ಲ.’ ಈ ಕಾಯಿಲೆಯ ದೊಡ್ಡ ಮೋಸ ಇದೇ. ಕೈ ತೊಳೆಯುವಾಗ ದಿನಾ ರಕ್ತ ಬಂದರೆ ಮರುದಿನವೇ ಡಾಕ್ಟರ ಬಳಿ ಓಡುತ್ತೇವೆ. ಬಾಯಲ್ಲಿ ಬಂದರೆ ಉಗಿದು ಸುಮ್ನಾಗುತ್ತೇವೆ. ವಸಡಿನ ರೋಗ ಜೋರಾಗಿರುವವರ ಬಾಯಲ್ಲಿ ಹಲ್ಲಿನ ಸುತ್ತಲಿನ ಹುಣ್ಣಿನ ಜಾಗವನ್ನೆಲ್ಲ ಬಿಡಿಸಿ ಹಾಸಿದರೆ 8ರಿಂದ 20 ಚದರ ಸೆಂಟಿಮೀಟರ್ ಆಗಬಹುದು ಎಂಬ ಲೆಕ್ಕ ಇದೆ. ಹೆಚ್ಚೆಂದರೆ ಒಂದು ಬೆಂಕಿಪೊಟ್ಟಣದ ಅಗಲದಷ್ಟು. ಅಷ್ಟು ದೊಡ್ಡ ಗಾಯ ತೊಡೆಯ ಮೇಲಿದ್ದರೆ ಶಾಲೆಗೆ ಹೋಗುತ್ತಿದ್ದಿರಾ?

ರಕ್ತ ಯಾಕೆ ಬರುತ್ತದೆ ಎಂಬುದು ಖಚಿತವಾಗಿ ಗೊತ್ತಾದದ್ದು 1965ರಲ್ಲಿ. ಡೆನ್ಮಾರ್ಕಿನ ಆರ್ಹುಸ್ ಎಂಬಲ್ಲಿ ಹೆರಾಲ್ಡ್ ಲೋ ಎಂಬ ಸಂಶೋಧಕರು 12 ಜನರನ್ನು, ಹೆಚ್ಚಿನವರು ಡೆಂಟಲ್ ವಿದ್ಯಾರ್ಥಿಗಳೇ, ಹಲ್ಲುಜ್ಜಬೇಡಿ ಎಂದು ಬಿಟ್ಟರು. 10ರಿಂದ 21 ದಿನದೊಳಗೆ ಹನ್ನೆರಡೂ ಜನರ ವಸಡು ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಒಂದು ವಾರ ಹತ್ತು ದಿನದಲ್ಲಿ ಎಲ್ಲರಿಗೂ ಸರಿಯಾಯಿತು. ಅದಕ್ಕಿಂತ ಮೊದಲು ವಿಟಮಿನ್ ಕಡಿಮೆಯಾಗಿ, ಉಷ್ಣವಾಗಿ, ವಯಸ್ಸಾಗಿ ಅಂತ ಎಷ್ಟೋ ಕಾರಣ ಹೇಳುತ್ತಿದ್ದರು. ನಮ್ಮಲ್ಲಿ ಈಗಲೂ ‘ಉಷ್ಣ ಡಾಕ್ಟ್ರೇ’ ಅನ್ನುವವರು ದಿನಕ್ಕೆ ಇಬ್ಬರಾದರೂ ಬರುತ್ತಾರೆ. ಮೂಲ ಕಾರಣ ಹಲ್ಲು ವಸಡು ಸೇರುವ ಗೆರೆಯಲ್ಲಿ ಕೂತ ಪಾಚಿ.

ಹಾಗಾದರೆ ಪಾಚಿ ಇದ್ದವರಿಗೆಲ್ಲ ಹಲ್ಲು ಉದುರಬೇಕಲ್ಲ? ಇಲ್ಲ. ನಿಮ್ಮ ‘ವಂಶದಲ್ಲಿ ಬರುತ್ತದಾ’ ಎಂಬ ಪ್ರಶ್ನೆ ಬರುವುದು ಇಲ್ಲೇ. ಅದೇ ಲೋ ಮತ್ತು ಅವರ ಜೊತೆಯವರು 1970ರಲ್ಲಿ ಶ್ರೀಲಂಕಾದ ಚಹಾ ತೋಟಗಳ 480 ಗಂಡಾಳುಗಳ ಬಾಯಿ ಪರೀಕ್ಷೆ ಮಾಡಿದರು. ಬ್ರಶ್ಶಿನ ಅಭ್ಯಾಸವಿಲ್ಲದವರು, ಹಲ್ಲಿನ ಡಾಕ್ಟರನ್ನು ಕಾಣದವರು. ಎಲ್ಲರ ಹಲ್ಲಿನಲ್ಲೂ ಪಾಚಿ, ಕಲ್ಲು ಬೇಕಾದಷ್ಟು. 15 ವರ್ಷ ಅವರನ್ನು ಮತ್ತೆ ಮತ್ತೆ ನೋಡಿದರು. ನೂರರಲ್ಲಿ 8 ಜನರಿಗೆ ಮೂಳೆ ಭರದಿಂದ ಕರಗಿತು. 81 ಜನರಿಗೆ ನಿಧಾನಕ್ಕೆ ಕರಗಿತು. ಇನ್ನುಳಿದ 11 ಜನರಿಗೆ ವಸಡು ಊದಿದ್ದು ಬಿಟ್ಟರೆ ಮುಂದೆ ಏನೂ ಆಗಲಿಲ್ಲ! ಒಂದೇ ತೋಟ, ಒಂದೇ ಊಟ, ಒಂದೇ ಪಾಚಿ.

ಈ 11 ಜನ ನಮ್ಮ ಊರಲ್ಲೂ ಇದ್ದಾರೆ. ಎಪ್ಪತ್ತೈದು ವರ್ಷದ ಅಜ್ಜ, ಬ್ರಶ್ ಮುಟ್ಟಿದವರಲ್ಲ, ಮಾವಿನ ಎಲೆಯಲ್ಲಿ ಹಲ್ಲು ತಿಕ್ಕಿ ಈಗಲೂ ಚಕ್ಕುಲಿ ಕಡಿಯುತ್ತಾರೆ. ‘ಅವರೇನು ಡೆಂಟಿಸ್ಟ್ ಹತ್ರ ಹೋಗಿದ್ರಾ?’ ಎಂದು ಜನ ಕೇಳುತ್ತಾರೆ. ಆ ಅಜ್ಜನ ಮೈ ಅಂಥದ್ದು. ನನ್ನ ಕುರ್ಚಿಗೆ ಬರುವವರು ಉಳಿದ ಎರಡು ಗುಂಪಿನವರು.

ವ್ಯತ್ಯಾಸ ಎಲ್ಲಿದೆ ಅಂದರೆ, ಮೂಳೆಯನ್ನು ಕರಗಿಸುವುದು ರೋಗಾಣು ಅಲ್ಲ, ನಮ್ಮದೇ ಮೈ. ಪಾಚಿಯನ್ನು ಓಡಿಸಲು ಬಿಳಿ ರಕ್ತಕಣಗಳು ವಸಡಿಗೆ ನುಗ್ಗುತ್ತವೆ. ಅವು ಬಿಡುವ ಕಿಣ್ವಗಳು ಹಲ್ಲನ್ನು ಮೂಳೆಗೆ ಕಟ್ಟಿದ ನಾರನ್ನೂ ಕತ್ತರಿಸುತ್ತವೆ. ಉರಿಯೂತ ನಿಲ್ಲದೆ ಮುಂದುವರಿದರೆ ಮೂಳೆ ತಿನ್ನುವ ಕೋಶಗಳು ಎಚ್ಚರವಾಗುತ್ತವೆ. ಕಾಡುಹಂದಿ ಓಡಿಸಲು ತೋಟಕ್ಕೆ ಜನ ಇಳಿಸಿದರೆ ಸಸಿಯೆಲ್ಲ ಅವರ ಕಾಲಡಿ ಸಿಕ್ಕಿ ಹಾಳಾದ ಹಾಗೆ. ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ರೋಗಾಣುವಿನ ಬಗ್ಗೆ 2011ರಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ಪ್ರಕಟವಾಯಿತು. ಬಾಯಲ್ಲಿ ಅದು ತೀರಾ ಕಡಿಮೆ ಇದ್ದರೂ ಸಾಕು, ಉಳಿದ ಸಾಧು ಬ್ಯಾಕ್ಟೀರಿಯಾಗಳ ಗುಂಪನ್ನೇ ಕೆಡಿಸಿಬಿಡುತ್ತದೆ. ಬೇರೆ ಯಾವ ಬ್ಯಾಕ್ಟೀರಿಯಾವೂ ಇಲ್ಲದ ಇಲಿಯ ಬಾಯಿಗೆ ಅದೊಂದನ್ನೇ ಬಿಟ್ಟರೆ ಮೂಳೆ ಕರಗಲಿಲ್ಲ. ಅಂದರೆ ಒಂದು ರೋಗಾಣು, ಒಂದು ರೋಗ ಎಂಬ ಕ್ಷಯದಂಥ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇಷ್ಟು ವರ್ಷವಾದರೂ ಒಂದು ಮಾತ್ರೆ ಯಾಕಿಲ್ಲ ಎಂಬ ನಿಮ್ಮ ಪ್ರಶ್ನೆಗೂ ಅರ್ಧ ಉತ್ತರ ಇದೇ. ಇನ್ನರ್ಧ ಉತ್ತರ ತುಂಬಾ ಹಳೆಯದು. 1683ರಲ್ಲಿ ಹಾಲೆಂಡಿನ ಲೀವೆನ್‌ಹುಕ್ ತಾನೇ ಮಾಡಿದ ಮಸೂರದಲ್ಲಿ ಹಲ್ಲಿನ ಪಾಚಿಯನ್ನು ನೋಡಿ, ಅದರಲ್ಲಿ ಸಣ್ಣ ಸಣ್ಣ ಜೀವಿಗಳು ಓಡಾಡುತ್ತಿವೆ ಎಂದು ಲಂಡನ್ನಿಗೆ ಪತ್ರ ಬರೆದ. ವಿನೆಗರ್ ಹಾಕಿ ಬಾಯಿ ಮುಕ್ಕಳಿಸಿದರೆ ಪಾಚಿಯ ಹೊರಗಿನವು ಮಾತ್ರ ಸಾಯುತ್ತವೆ, ಒಳಗಿನವು ಹಾಗೇ ಇರುತ್ತವೆ ಎಂಬುದನ್ನೂ ಆತ ಕಂಡಿದ್ದ. ಮುನ್ನೂರು ವರ್ಷ ಕಳೆದರೂ ಮೌತ್‌ವಾಶ್ ಬಾಟಲಿಯ ಹಣೆಬರಹ ಅಷ್ಟೇ. ಪಾಚಿ ಒಂದು ಅಂಟಂಟು ಹಾಸು. ಕೆರೆಯ ಮೆಟ್ಟಿಲಿನ ಪಾಚಿಯ ಮೇಲೆ ಬಕೆಟು ಬಕೆಟು ನೀರು ಸುರಿದರೆ ಹೋಗುತ್ತದಾ? ಕೆರೆದೇ ತೆಗೆಯಬೇಕು. ಆ್ಯಂಟಿಬಯೋಟಿಕ್ ಮಾತ್ರೆಯೂ ಆ ಹಾಸಿನ ಒಳಗೆ ಸರಿಯಾಗಿ ಇಳಿಯುವುದಿಲ್ಲ. ಚಿಕ್ಕ ವಯಸ್ಸಿನಲ್ಲೇ ಭರದಿಂದ ಮೂಳೆ ಹೋಗುವ ಕೆಲವರಿಗೆ, ಬೇರನ್ನು ಕೆರೆದು ಶುಚಿ ಮಾಡಿದ ಜೊತೆಗೆ ಕೊಡುತ್ತೇವೆ. ಕೆರೆಯದೆ ಬರೀ ಮಾತ್ರೆ ನುಂಗಿದರೆ ಎರಡು ವಾರ ರಕ್ತ ನಿಂತು ಮತ್ತೆ ಶುರು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಅಭ್ಯಾಸ ದಯವಿಟ್ಟು ಬೇಡ.

ಮೈಯ ಪ್ರತಿಕ್ರಿಯೆಯನ್ನೇ ಹದ ಮಾಡುವ ಔಷಧಿ ಇಲ್ಲವಾ ಅಂದರೆ, ಒಂದಿದೆ. ಅಮೆರಿಕದ ಲಾರ್ನ್ ಗೋಲಬ್ ಎಂಬವರು ಟೆಟ್ರಾಸೈಕ್ಲಿನ್ ಜಾತಿಯ ಔಷಧಿಗಳು ರೋಗಾಣು ಕೊಲ್ಲುವುದಷ್ಟೇ ಅಲ್ಲ, ನಾರು ಕತ್ತರಿಸುವ ಆ ಕಿಣ್ವವನ್ನೂ ತಡೆಯುತ್ತವೆ ಎಂದು ಕಂಡುಕೊಂಡರು. ಆ ದಾರಿಯಲ್ಲಿ 20 ಮಿಲಿಗ್ರಾಮಿನ ಡಾಕ್ಸಿಸೈಕ್ಲಿನ್‌ಗೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಲಾಭ ಇದೆ, ಆದರೆ ಸ್ವಲ್ಪ. ಕಾಂಪ್ಲಿಮೆಂಟ್ ಎಂಬ ರಕ್ಷಣಾ ಸರಪಳಿಯನ್ನು ತಡೆಯುವ ಒಂದು ಇಂಜೆಕ್ಷನ್ ವಸಡಿನ ಊತ ಇಳಿಸಿದ್ದು ಮನುಷ್ಯರ ಮೇಲಿನ ಸಣ್ಣ ಪ್ರಯೋಗದಲ್ಲಿ ಕಂಡಿದೆ. ಲಸಿಕೆ ಇನ್ನೂ ಪ್ರಾಣಿಗಳ ಮೇಲಿನ ಪ್ರಯೋಗದ ಹಂತ ದಾಟಿ ನಮ್ಮ ಕೈಗೆ ಬಂದಿಲ್ಲ. ಅದಕ್ಕೆ ಕಾಯಬೇಡಿ.

ಅಪ್ಪನ ವಿಷಯಕ್ಕೆ ಬರೋಣ. ಅವಳಿ ಮಕ್ಕಳ ಮೇಲಿನ ಅಧ್ಯಯನಗಳನ್ನು ನೋಡಿದರೆ, ಈ ರೋಗ ಒಬ್ಬರಿಗೆ ಜಾಸ್ತಿ ಒಬ್ಬರಿಗೆ ಕಡಿಮೆ ಆಗುವುದರಲ್ಲಿ ಹುಟ್ಟಿನಿಂದ ಬಂದದ್ದರ ಪಾಲು ಮೂರನೇ ಒಂದರಿಂದ ಅರ್ಧದವರೆಗೆ ಇರಬಹುದು. ಅಪ್ಪನಿಂದ ನಿಮಗೆ ಬಂದಿರುವುದು ಆ ಒಲವು. ರೋಗವೇ ನೇರವಾಗಿ ಬರುವುದಿಲ್ಲ. ಅವರು ಎಲೆ ಅಡಿಕೆ, ಹೊಗೆಸೊಪ್ಪು ಹಾಕುತ್ತಿದ್ದರಾ ಎಂದು ನೀವು ಬರೆದಿಲ್ಲ. ಆ ತಲೆಮಾರಿನಲ್ಲಿ ಹಾಕದವರೇ ಕಡಿಮೆ. ತಂಬಾಕು ಈ ರೋಗಕ್ಕೆ ಗೊಬ್ಬರ. ಅದರಲ್ಲೂ ಬೀಡಿ ಸಿಗರೇಟು ಸೇದುವವರಿಗೆ ವಸಡಿನಿಂದ ರಕ್ತ ಬರುವುದೇ ಕಡಿಮೆ, ಒಳಗೆ ಮಾತ್ರ ಮೂಳೆ ಹೋಗುತ್ತಿರುತ್ತದೆ. ಅಡಿಕೆಯ ಬಗ್ಗೆ ಕಾಸರಗೋಡಿನಲ್ಲಿ ಕೂತು ಮಾತಾಡುವುದು ಕಷ್ಟ. ನಮ್ಮ ಮನೆಯ ಖರ್ಚೂ ಅಡಿಕೆ ತೋಟದಿಂದಲೇ ನಡೆದದ್ದು. ಆದರೂ ಹೇಳಬೇಕು. ಹೊಗೆಸೊಪ್ಪು ಸೇರಿಸದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸೇರಿಸಿದೆ.

ಈಗ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಸಾಲು: ಮೂರು ತಿಂಗಳ ಶುಗರ್ 8.4. ಹಲ್ಲಿನ ಪ್ರಶ್ನೆಗಳ ನಡುವೆ ಅದನ್ನು ನೀವು ಹಾಗೇ ದಾಟಿಬಿಟ್ಟಿದ್ದೀರಿ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ವಸಡಿನ ರೋಗ ಬರುವ ಸಂಭವ ಸುಮಾರು ಮೂರು ಪಟ್ಟು ಜಾಸ್ತಿ. ವಸಡಿನ ರೋಗ ಜೋರಾಗಿದ್ದರೆ ಶುಗರ್ ಇಳಿಸುವುದೂ ಕಷ್ಟ. ಎರಡೂ ಕಡೆಯಿಂದ ಜಗ್ಗಾಟ.

ವಸಡಿಗೆ ಚಿಕಿತ್ಸೆ ಮಾಡಿದರೆ ಶುಗರ್ ಇಳಿಯುತ್ತದಾ ಎಂಬುದರ ಮೇಲೆ ದೊಡ್ಡ ಜಗಳವೇ ನಡೆದಿದೆ. 2013ರಲ್ಲಿ ಅಮೆರಿಕದಲ್ಲಿ 514 ಜನರ ಮೇಲೆ ನಡೆದ ಒಂದು ಅಧ್ಯಯನ ಆರು ತಿಂಗಳಲ್ಲಿ ಏನೂ ಇಳಿಯಲಿಲ್ಲ ಎಂದಿತು. ನಾವೆಲ್ಲ ಸಪ್ಪೆಯಾದೆವು. ಆಮೇಲೆ ವಿವರ ನೋಡಿದರೆ ಚಿಕಿತ್ಸೆಯಾದ ಮೇಲೂ ಅವರ ಬಾಯಲ್ಲಿ ಪಾಚಿಯೂ ರಕ್ತವೂ ಬೇಕಾದಷ್ಟು ಉಳಿದಿತ್ತು. ಬೆಂಕಿಯನ್ನೇ ಆರಿಸದೆ ಬಿಸಿ ಕಡಿಮೆಯಾಗಲಿಲ್ಲ ಅಂದರೆ ಹೇಗೆ? 2018ರಲ್ಲಿ ಲಂಡನ್ನಿನಲ್ಲಿ 264 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಆಳದ ಚಿಕಿತ್ಸೆಯನ್ನು ಬಿಡದೆ ಮುಂದುವರಿಸಿದರು. ವರ್ಷದ ಕೊನೆಗೆ ಆ ಗುಂಪಿನವರ ಮೂರು ತಿಂಗಳ ಶುಗರ್ ಇನ್ನೊಂದು ಗುಂಪಿಗಿಂತ 0.6ರಷ್ಟು ಕಡಿಮೆ ಇತ್ತು. 2022ರಲ್ಲಿ 35 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಮೂರು ನಾಲ್ಕು ತಿಂಗಳಲ್ಲಿ ಇಳಿದದ್ದು 0.43. ಸಣ್ಣ ಅಂಕಿ ಅನ್ನಿಸಬಹುದು. ಶುಗರಿಗೆ ಇನ್ನೊಂದು ಮಾತ್ರೆ ಸೇರಿಸಿದರೆ ಸಿಗುವ ಲಾಭಕ್ಕೆ ಇದು ಹತ್ತಿರದ್ದೇ. ಹಾಗಂತ ಶುಗರಿನ ಮಾತ್ರೆ ಬಿಟ್ಟು ನನ್ನ ಹತ್ತಿರ ಬರಬೇಡಿ!

ಬಿ.ಪಿ. ಮಾತ್ರೆಯ ಹೆಸರು ಬರೆದಿಲ್ಲ. ಸ್ಟ್ರಿಪ್ಪಿನ ಹಿಂದೆ ನೋಡಿ. ಅಮ್ಲೊಡಿಪಿನ್ ಅಂತ ಇದ್ದರೆ ವಸಡಿನ ಡಾಕ್ಟರಿಗೆ ಹೇಳಿ. ಕೆಲವರಿಗೆ ಅದರಿಂದ ವಸಡು ದಪ್ಪವಾಗಿ ಹಲ್ಲಿನ ಮೇಲೆ ಬೆಳೆಯುತ್ತದೆ, ಅಡಿಯಲ್ಲಿ ಪಾಚಿ ಕೂರಲು ಒಳ್ಳೆ ಜಾಗವಾಗುತ್ತದೆ. ಬೇರೆ ಮಾತ್ರೆಗೆ ಬದಲಿಸಬಹುದು, ಆದರೆ ಅದು ಬಿ.ಪಿ. ಡಾಕ್ಟರ ಕೆಲಸ. ನೀವಾಗಿ ನಿಲ್ಲಿಸಬೇಡಿ.

ತಮ್ಮನ ವಾಟ್ಸಾಪಿಗೆ ಜಾಸ್ತಿ ಹೊತ್ತು ಕೊಡುವುದಿಲ್ಲ. ಅಲ್ಝೈಮರ್ ಇದ್ದವರ ಮೆದುಳಿನಲ್ಲಿ ಆ ಜಿಂಜಿವಾಲಿಸ್ ರೋಗಾಣುವಿನ ಗುರುತು ಸಿಕ್ಕಿತು ಎಂದು 2019ರಲ್ಲಿ ಒಂದು ಲೇಖನ ಬಂದದ್ದು ನಿಜ. ಅದರ ಕಿಣ್ವ ತಡೆಯುವ ಔಷಧಿಯನ್ನೂ ಪರೀಕ್ಷೆ ಮಾಡಿದರು. 2021ರಲ್ಲಿ ಫಲಿತಾಂಶ ಬಂತು: ಮರೆವು ಮುಂದುವರಿಯುವುದನ್ನು ತಡೆಯಬೇಕೆಂಬ ಮುಖ್ಯ ಗುರಿ ಈಡೇರಲಿಲ್ಲ. ಈ ಎರಡನೇ ಸುದ್ದಿ ವಾಟ್ಸಾಪಿಗೆ ಬರುವುದಿಲ್ಲ. ಹೃದಯದ ಕಾಯಿಲೆ ಮತ್ತು ವಸಡಿನ ರೋಗ ಒಟ್ಟೊಟ್ಟಿಗೆ ಕಾಣಿಸುತ್ತವೆ, ಒಂದರಿಂದಲೇ ಇನ್ನೊಂದು ಬಂತು ಎನ್ನುವ ಪುರಾವೆ ಇಲ್ಲ ಎಂದು ಅಮೆರಿಕದ ಹೃದಯ ಸಂಘ 2012ರಲ್ಲೇ ಹೇಳಿದೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂದು ಕೆಲವರು ಹೇಳುವುದಂತೂ ಸುಳ್ಳೇ.

ಇನ್ನು ಮಾಡುವುದೇನು? ಸರ್ಜರಿ, ಇಂಪ್ಲಾಂಟ್ ಎರಡನ್ನೂ ಸದ್ಯ ಪಕ್ಕಕ್ಕಿಡಿ. ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲದ ಒಂದು ವಿಷಯ ಇದೆ: ಯಾರೂ ನಿಮ್ಮ ವಸಡಿನ ಆಳ ಅಳೆದ ಹಾಗಿಲ್ಲ. ಪ್ರೋಬ್ ಎಂಬ ಒಂದು ಸಲಕರಣೆ ಇದೆ. ಮೊಂಡು ತುದಿಯ ಸಣ್ಣ ಕಡ್ಡಿ, ಮೇಲೆ ಮಿಲಿಮೀಟರಿನ ಗೆರೆಗಳು. ಅದನ್ನು ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸುತ್ತೇವೆ. ಹಲ್ಲೊಂದಕ್ಕೆ ಆರು ಕಡೆ. 28 ಹಲ್ಲಿದ್ದರೆ 168 ಅಂಕಿ. ನಾನು ಹೇಳುತ್ತಾ ಹೋಗುತ್ತೇನೆ, ಸಿಸ್ಟರ್ ಬರೆದುಕೊಳ್ಳುತ್ತಾರೆ. ‘ಮೂರು, ಎರಡು, ಮೂರು. ಒಳಗೆ: ಮೂರು, ಮೂರು, ಆರು, ರಕ್ತ.’ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರೂ ಎರಡು ಮೂರು ನಿಮಿಷದಲ್ಲಿ ಲೆಕ್ಕ ಹಿಡಿಯುತ್ತಾರೆ. ಎರಡು ಮೂರು ಅಂದಾಗ ಸುಮ್ನಿರುತ್ತಾರೆ, ಆರು ಅಂದ ಕೂಡಲೇ ಹುಬ್ಬು ಮೇಲೆ ಹೋಗುತ್ತದೆ. 3ರವರೆಗೆ ಸರಿ. 4, 5 ಇದ್ದರೆ ರೋಗ ಇದೆ. 6 ಮತ್ತು ಮೇಲೆ ಅಂದರೆ ಆಳದ ಪಾಕೆಟ್, ಹಲ್ಲು ವಸಡಿನ ನಡುವೆ ಚೀಲದಂಥ ಸಂದು. ಅದರೊಳಗೆ ನಿಮ್ಮ ಬ್ರಶ್ಶೂ ಹೋಗುವುದಿಲ್ಲ, ಬಾಯಿ ಮುಕ್ಕಳಿಸುವ ಎಣ್ಣೆಯೂ ಹೋಗುವುದಿಲ್ಲ. ಈ ಚಾರ್ಟ್ ಮತ್ತು ಎಕ್ಸ್‌ರೇ ಇಲ್ಲದೆ ‘ಇಡೀ ಬಾಯಿಗೆ ಫ್ಲಾಪ್’ ಅಂದರೆ ನಾನು ಒಪ್ಪುವುದಿಲ್ಲ, ‘ಎಲ್ಲ ಕೀಳಿ’ ಅಂದರಂತೂ ಇಲ್ಲವೇ ಇಲ್ಲ.

ಕಳೆದ ವರ್ಷ ನಿಮಗೆ ಆದದ್ದು ಮೇಲುಮೇಲಿನ ಕ್ಲೀನಿಂಗ್ ಇರಬೇಕು. ಈಗ ಬೇಕಾದದ್ದು ಆಳದ್ದು, ರೂಟ್ ಪ್ಲೇನಿಂಗ್ ಅನ್ನುತ್ತೇವೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಸಡಿನ ಅಡಿಗೆ ಹೋಗಿ ಬೇರಿಗೆ ಅಂಟಿದ ಕಲ್ಲನ್ನು ತೆಗೆಯುವುದು. ಮೇಲಿನ ಕಲ್ಲು ಹಳದಿ, ಪುಡಿಪುಡಿ. ಅಡಿಯ ಕಲ್ಲು ಕಪ್ಪು ಹಸಿರು, ಬೇರಿಗೆ ಕಚ್ಚಿಕೊಂಡಿರುತ್ತದೆ, ಕೆಲವೊಮ್ಮೆ ಒಂದೇ ಹಲ್ಲಿಗೆ ಹತ್ತು ನಿಮಿಷ ಬೇಕು. ಎರಡರಿಂದ ನಾಲ್ಕು ಸಲ ಹೋಗಬೇಕಾಗುತ್ತದೆ. ಇದರಲ್ಲಿರುವ ತೊಂದರೆಯನ್ನೂ ಮೊದಲೇ ಹೇಳುತ್ತೇನೆ: ವಸಡು ಇನ್ನೂ ಸ್ವಲ್ಪ ಇಳಿಯುತ್ತದೆ, ಹಲ್ಲು ಉದ್ದ ಕಾಣುತ್ತದೆ, ನಗುವಾಗ ಸಂದಿನಲ್ಲಿ ಕಪ್ಪು ಕಾಣಬಹುದು, ಜುಂ ಅನ್ನುವುದು ಕೆಲವು ವಾರ ಜಾಸ್ತಿಯಾಗುತ್ತದೆ. ಹೋದ ಮೂಳೆ ಇದರಿಂದ ವಾಪಸ್ ಬರುವುದಿಲ್ಲ. ಮುಂದೆ ಹೋಗುವುದು ನಿಲ್ಲುತ್ತದೆ, ಹೆಚ್ಚಿನ ಪಾಕೆಟ್ಟುಗಳ ಆಳ ಕಡಿಮೆಯಾಗುತ್ತದೆ, ಊತ ಇಳಿದ ಮೇಲೆ ಅಲ್ಲಾಡುವ ಹಲ್ಲೂ ಸ್ವಲ್ಪ ಬಿಗಿಯಾಗಬಹುದು.

ಆಮೇಲೆ ಎರಡು ಮೂರು ತಿಂಗಳು ಕಾಯಬೇಕು, ಮತ್ತೆ ಅದೇ 168 ಅಂಕಿ. ಅಷ್ಟರಲ್ಲಿ ಶುಗರನ್ನು 7ರ ಹತ್ತಿರ ತನ್ನಿ. ಆಗಲೂ ಎಲ್ಲಾದರೂ 4, 5 ಉಳಿದು ರಕ್ತ ಬರುತ್ತಿದ್ದರೆ ಇನ್ನೊಂದು ಸಲ ಕೆರೆದರೆ ಸಾಕು. 6 ಅಥವಾ ಮೇಲೆ ಉಳಿದಿದ್ದರೆ ಮಾತ್ರ, ಆ ಜಾಗಕ್ಕೆ ಮಾತ್ರ, ಫ್ಲಾಪ್ ಸರ್ಜರಿ. ವಸಡನ್ನು ಬಿಡಿಸಿ, ಕಣ್ಣಿಗೆ ಕಾಣುವ ಹಾಗೆ ಶುಚಿ ಮಾಡಿ, ಹೊಲಿಗೆ ಹಾಕುವುದು. ಮೂರು ನಾಲ್ಕು ದಿನ ಊತ ಇರುತ್ತದೆ. ಶುಗರ್ 8ರ ಮೇಲಿರುವಾಗ ಮಾಡಿಸಿದರೆ ಗಾಯ ಮಾಗುವುದು ತಡವಾಗುತ್ತದೆ, ಸೋಂಕೂ ಆಗಬಹುದು. ಮೂಳೆಪುಡಿ ಹಾಕುತ್ತೇವೆ ಅಂದರೆ ಎಲ್ಲಿಗೆ ಎಂದು ಕೇಳಿ. ಮೂಳೆ ಗುಂಡಿ ಬಿದ್ದ ಹಾಗೆ ಹೋಗಿದ್ದರೆ ಅಲ್ಲಿ ಅದು ನಿಲ್ಲುತ್ತದೆ. ಮಟ್ಟಸವಾಗಿ ಇಳಿದಿದ್ದರೆ, ಕೆಳಗಿನ ಎದುರು ಹಲ್ಲಿನಲ್ಲಿ ಹೆಚ್ಚಾಗಿ ಹಾಗೇ ಇರುತ್ತದೆ, ಪುಡಿ ಹಾಕಿ ಪ್ರಯೋಜನವಿಲ್ಲ. ಲೇಸರ್ ಅಂದರೆ ನೋವಿಲ್ಲ, ಹೊಲಿಗೆಯಿಲ್ಲ ಅಂತ ಬೋರ್ಡು ಇರುತ್ತದೆ. ಸರಿಯಾಗಿ ಕೈಯಲ್ಲಿ ಮಾಡಿದ ಕೆಲಸಕ್ಕಿಂತ ಅದರಿಂದ ಹೇಳಿಕೊಳ್ಳುವಷ್ಟು ಜಾಸ್ತಿ ಲಾಭ ಕಂಡಿಲ್ಲ. ಬಿಲ್ಲು ಮಾತ್ರ ಜಾಸ್ತಿ.

ಅಲ್ಲಾಡುವ ಆ ನಾಲ್ಕು ಹಲ್ಲುಗಳನ್ನು ಹಿಂದಿನಿಂದ ತೆಳು ತಂತಿ ಹಾಕಿ ಅಕ್ಕಪಕ್ಕದ ಹಲ್ಲಿಗೆ ಕಟ್ಟಬಹುದು. ಕಚ್ಚುವಾಗ ಧೈರ್ಯ ಬರುತ್ತದೆ. ಅದು ಬಾಳೆಗೆ ಊರುಗೋಲು ಕೊಟ್ಟ ಹಾಗೆ ಆಸರೆ ಅಷ್ಟೆ, ರೋಗಕ್ಕೆ ಮದ್ದಲ್ಲ. ತಂತಿಯ ಸಂದಿನಲ್ಲಿ ಶುಚಿ ಮಾಡಲು ಸ್ವಲ್ಪ ಕಷ್ಟವೂ ಹೌದು.

ಇಂಪ್ಲಾಂಟಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಈಗ ಬೇಡವೇ ಬೇಡ. ಜನರ ಲೆಕ್ಕ ಏನೆಂದರೆ ಹಲ್ಲು ಕಿತ್ತರೆ ರೋಗವೂ ಹೋಯಿತು, ಸ್ಕ್ರೂ ಹಾಕಿದರೆ ಶಾಶ್ವತ. ಸ್ಕ್ರೂಗೆ ಹುಳುಕು ಬರುವುದಿಲ್ಲ, ನಿಜ. ಅದರ ಸುತ್ತಲಿನ ಮೂಳೆ ಇದೇ ಪಾಚಿಯಿಂದ, ಇದೇ ರೀತಿ ಕರಗುತ್ತದೆ. ವಸಡಿನ ರೋಗ ಇದ್ದವರಿಗೆ, ಶುಗರ್ ಹತೋಟಿ ಇಲ್ಲದವರಿಗೆ ಇನ್ನೂ ಜಾಸ್ತಿ. ಆ ಮೂಳೆ ಹೋದರೆ ಚಿಕಿತ್ಸೆ ಹಲ್ಲಿಗಿಂತ ಕಷ್ಟ. ಉಳಿಸಲಾಗದ ಒಂದೆರಡು ಹಲ್ಲು ಇದ್ದರೆ, ರೋಗ ತಹಬಂದಿಗೆ ಬಂದ ಮೇಲೆ ಯೋಚಿಸಬಹುದು. ಪೂರ್ತಿ ಸುಮ್ನಿರುವುದೂ ಒಂದು ದಾರಿ ಅಂತ ಕೆಲವರು ಅಂದುಕೊಳ್ಳುತ್ತಾರೆ. ಶ್ರೀಲಂಕಾದ ಆ 8 ಜನರ ಸಾಲಿನಲ್ಲಿ ನೀವಿದ್ದರೆ ಅದರ ಕೊನೆ ಅಪ್ಪನ ಬಾಯಲ್ಲಿ ನೋಡಿದ್ದೀರಿ.

ಮನೆಯಲ್ಲಿ ಮಾಡಬೇಕಾದದ್ದು ಸಣ್ಣ ಕೆಲಸ, ಆದರೆ ಅರ್ಧ ಚಿಕಿತ್ಸೆ ಅದೇ. ಉಮಿಕರಿ (ಭತ್ತದ ಹೊಟ್ಟು ಸುಟ್ಟ ಪುಡಿ) ಬಳಸುತ್ತಿದ್ದರೆ ಬಿಟ್ಟುಬಿಡಿ. ಬೆರಳಿನ ನಡುವೆ ಸ್ವಲ್ಪ ತಿಕ್ಕಿ ನೋಡಿ, ಮರಳಿನ ಹಾಗೆ ಗರಗರ ಅನ್ನುತ್ತದೆ. ಹೊರಗೆ ಬಂದ ಮೆತ್ತನೆಯ ಬೇರನ್ನು ಅದು ತೇಯುತ್ತದೆ. ಮಾವಿನ ಎಲೆಗೆ ನನ್ನ ತಕರಾರಿಲ್ಲ, ಆದರೆ ಅದು ಸಂದಿಗೆ ಹೋಗುವುದಿಲ್ಲ. ಉಪ್ಪುನೀರು ಹಿತ ಕೊಡುತ್ತದೆ. ವಸಡಿಗೆ ಗಮ್ ಪೇಂಟ್ ಹಚ್ಚಿದರೆ ಸ್ವಲ್ಪ ಹೊತ್ತು ಹಾಯೆನಿಸಬಹುದು, ಅಷ್ಟೇ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಚಿಕಿತ್ಸೆಯ ನಂತರ ಎರಡು ವಾರ ಒಳ್ಳೆಯದು, ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಮೆತ್ತನೆ ಬ್ರಶ್ಶನ್ನು ವಸಡಿನ ಗೆರೆಗೆ ಓರೆಯಾಗಿ ಹಿಡಿದು ಎರಡು ಹೊತ್ತು ಉಜ್ಜಿ. ನಿಮಗೆ ಈಗ ಬಿದ್ದಿರುವ ಸಂದಿಗೆ ಸರಿಹೋಗುವ ಇಂಟರ್‌ಡೆಂಟಲ್ ಬ್ರಶ್, ಸೀಸೆ ತೊಳೆಯುವ ಬ್ರಶ್ಶಿನ ಮರಿಯ ಹಾಗೆ ಇರುತ್ತದೆ, ಅದನ್ನು ರಾತ್ರಿ ಒಂದು ಸಲ ಪ್ರತಿ ಸಂದಿನಲ್ಲೂ ಹಾಕಿ ತೆಗೆಯಿರಿ. ಅಳತೆ ಡಾಕ್ಟರ ಹತ್ತಿರ ಕೇಳಿ. ಮೊದಲ ವಾರ ರಕ್ತ ಬರುತ್ತದೆ. ಹೆದರಿ ನಿಲ್ಲಿಸಬೇಡಿ, ಎರಡನೇ ವಾರಕ್ಕೆ ಕಡಿಮೆಯಾಗುತ್ತದೆ.

ಎಲ್ಲ ಮುಗಿದ ಮೇಲೂ ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು. ‘ಒಮ್ಮೆ ಮಾಡಿಸಿದ್ದೇನಲ್ಲ ಡಾಕ್ಟ್ರೇ, ಪುನಃ ಯಾಕೆ?’ ಎಂದು ಕೇಳುವವರು ಅಡಿಕೆಯ ಮಹಾಳಿ ರೋಗಕ್ಕೆ ಮಾತ್ರ ಪ್ರತಿ ಮಳೆಗಾಲವೂ ಬೋರ್ಡೋ ಮದ್ದು ಬಿಡಿಸುತ್ತಾರೆ, ಕಳೆದ ವರ್ಷ ಬಿಟ್ಟಿದ್ದೇನಲ್ಲ ಅನ್ನುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕೇರಳ ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿಗೆ ಹೋಗಿ ತೋರಿಸುತ್ತಿದ್ದ ಎಷ್ಟೋ ಜನರ ಚಿಕಿತ್ಸೆ ಅರ್ಧಕ್ಕೆ ನಿಂತಿತು. ವರ್ಷ ಕಳೆದು ಅವರಲ್ಲಿ ಕೆಲವರು ಹಳೇ ಚಾರ್ಟ್ ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಮನೆಯಲ್ಲಿ ಸಂದು ಶುಚಿ ಮಾಡುತ್ತಿದ್ದವರ 4 ಹಾಗೇ 4 ಇತ್ತು. ಉಳಿದವರದ್ದು 6 ಆಗಿತ್ತು.

ಎಲ್ಲಿಗೆ ಹೋಗಬೇಕು ಅಂದರೆ, ಪೆರಿಯೊಡಾಂಟಿಸ್ಟ್ ಅಂದರೆ ವಸಡಿನ ತಜ್ಞರನ್ನೇ ಹುಡುಕಿ. ಖರ್ಚಿನ ಚಿಂತೆ ಇದ್ದರೆ ದೇರಳಕಟ್ಟೆ, ಪೊಯಿನಾಚಿ, ಪರಿಯಾರಂ ಈ ಮೂರೂ ಕಡೆ ಡೆಂಟಲ್ ಕಾಲೇಜುಗಳಿವೆ. ಅಲ್ಲಿ ಹೊತ್ತು ಹೋಗುತ್ತದೆ, ಆದರೆ ಚಾರ್ಟ್ ಬರೆಯದೆ ಕೆಲಸ ಶುರು ಮಾಡುವುದು ಅಪರೂಪ. ಸೂಚನೆಗಳನ್ನು ಕನ್ನಡದಲ್ಲಿ ಹೇಳಿ ಎಂದು ಕೇಳಲು ಸಂಕೋಚ ಬೇಡ. ಬಾಯಿಯ ಪೂರ್ತಿ ಎಕ್ಸ್‌ರೇ ಇದ್ದರೆ ಅದು, ಶುಗರ್ ರಿಪೋರ್ಟು, ಬಿ.ಪಿ. ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ.

ಕೊನೆಗೆ ಮಗಳು. ತೋರಿಸಬೇಕು, ಅದೂ ತಡ ಮಾಡದೆ. ಕೆಲವು ಮನೆತನಗಳಲ್ಲಿ ಈ ರೋಗ ಹದಿಹರೆಯದಲ್ಲೇ ಶುರುವಾಗುತ್ತದೆ. ಆಗ ಅದು ಹಿಡಿಯುವುದು ಎದುರಿನ ಹಲ್ಲು ಮತ್ತು ಆರು ವರ್ಷಕ್ಕೆ ಬರುವ ಮೊದಲ ದವಡೆ ಹಲ್ಲನ್ನು. ಹೊರಗೆ ಪಾಚಿಯೂ ಜಾಸ್ತಿ ಕಾಣುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆ ಕೆಲವು ಹಲ್ಲುಗಳ ಸುತ್ತ ಪ್ರೋಬ್ ಇಳಿಸಿ ನೋಡಲು ಐದು ನಿಮಿಷ ಸಾಕು. ಎಲ್ಲ ಕಡೆ ಎರಡು ಮೂರು ಬಂದರೆ, ಇನ್ನು ವರ್ಷಕ್ಕೊಮ್ಮೆ ಹೋದರೆ ಆಯಿತು.